ಏಳನೆಯವಳು

ಟಾರ್ಬೆಲ್ ಊರಿನ ಸಭಾಭವನದಲ್ಲಿ ಕಬ್ಬಿಣದ ಒಲೆಯ ಪಕ್ಕದ ಜಾಗ ಹಾರ್ಲನ್ ಸ್ಟಾಡರ್ಡನದು. ಯಾರೂ ಅದನ್ನು ಅವನಿಗೆ ಬರೆದುಕೊಟ್ಟಿರಲಿಲ್ಲ. ಆದರೂ ಮಾರ್ಚಿ ತಿಂಗಳ ಮೊದಲ ಮಂಗಳವಾರ, ವರ್ಷಕ್ಕೊಮ್ಮೆಯ ಸಭೆಗೆ ಊರಿನವರೆಲ್ಲ ಬೂಟಿನ ಕೆಸರು ಒದರಿಕೊಂಡು ಒಳಗೆ ಬಂದು ಕುಳಿತಾಗ, ಆ ಒಲೆಯ ಹತ್ತಿರ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ತಾನಾಗಿಯೇ ಖಾಲಿ ಉಳಿಯುತ್ತಿತ್ತು. ಸ್ಟಾಡರ್ಡ್ ಕೂರುತ್ತಿರಲಿಲ್ಲ. ಅಲ್ಲಿ ನಿಂತರೆ ಬೆಚ್ಚಗೂ ಇರುತ್ತದೆ, ಎಲ್ಲರ ಮುಖವೂ ಕಾಣುತ್ತದೆ. ಯಾರ ಕೈ ಮೇಲಕ್ಕೆ ಹೋಯಿತು, ಯಾರದು ಮಡಿಲಲ್ಲೇ ಉಳಿಯಿತು ಎಂಬುದು ಆ ಜಾಗದಿಂದ ಕಂಡಷ್ಟು ಚೆನ್ನಾಗಿ ಅಧ್ಯಕ್ಷರ ಮೇಜಿನಿಂದಲೂ ಕಾಣುವುದಿಲ್ಲ.

ಡೆಲಿಯಾ ಲವಾಲಿ ಹಿಂದಿನ ಸಾಲಿನಲ್ಲಿ, ಊಟದ ಮೇಜಿನ ಪಕ್ಕ ಕುಳಿತಿದ್ದಳು. ಹುರುಳಿಕಾಯಿಯ ಬೀಜವನ್ನು ಬೆಲ್ಲದ ಪಾಕದಲ್ಲಿ ಬೇಯಿಸಿದ ದೊಡ್ಡ ಮಡಕೆಯನ್ನು ಅವಳೇ ಹೊತ್ತು ತಂದಿದ್ದಳು. ಮಡಕೆ ಇನ್ನೂ ಬಿಸಿಯಾಗಿತ್ತು, ಅವಳ ಕೈ ಮಾತ್ರ ಮಂಜಿನಂತೆ ತಣ್ಣಗಿತ್ತು. ಸ್ಟಾಡರ್ಡನ ಸೊಂಟದ ಬೆಲ್ಟಿನಲ್ಲಿ ತೂಗುತ್ತಿದ್ದ ಕೀಲಿಗೊಂಚಲಿನಿಂದ ಅವಳಿಗೆ ಕಣ್ಣು ತೆಗೆಯಲಾಗುತ್ತಿರಲಿಲ್ಲ. ಆ ಗೊಂಚಲಿನ ಒಂದು ಕೀಲಿ ಬಡವರ ಮನೆಯ ಸೌದೆ ಕೊಟ್ಟಿಗೆಯದು. ಆ ಕೊಟ್ಟಿಗೆಯಲ್ಲಿ ಈ ಹೊತ್ತಿಗೆ ಅವಳ ತಮ್ಮ ಓನಿ ಇದ್ದ.

ಊರಿನಲ್ಲಿ ದಿಕ್ಕಿಲ್ಲದವರು, ಕೈಕಾಲು ಬಿದ್ದವರು, ಬುದ್ಧಿ ಸಾಲದವರು ಇದ್ದರೆ ಅವರನ್ನು ನೋಡಿಕೊಳ್ಳುವುದು ಊರಿನದೇ ಕೆಲಸ. ಅದಕ್ಕೆ ಗುಡ್ಡದ ಬದಿಯಲ್ಲಿ ಬಡವರ ಮನೆ, ಬಡವರ ಮನೆಗೆ ವರ್ಷವರ್ಷವೂ ಊರು ಆರಿಸುವ ಒಬ್ಬ ಮೇಲ್ವಿಚಾರಕ. ಯಾರಿಗೆ ಸೌದೆ ಕೊಡಬೇಕು, ಯಾರಿಗೆ ಹಿಟ್ಟು, ಯಾರ ಮನೆಗೆ ಡಾಕ್ಟರು ಹೋಗಬೇಕು, ಯಾರನ್ನು ಸರ್ಕಾರದ ಹುಚ್ಚಾಸ್ಪತ್ರೆಗೆ ಸಾಗಹಾಕಬೇಕು ಎಂಬುದೆಲ್ಲ ಅವನ ಬಾಯಿಯಲ್ಲಿ. ಯುದ್ಧಕ್ಕೆ ಮುಂಚಿನಿಂದಲೂ ಆ ಬಾಯಿ ಸ್ಟಾಡರ್ಡನದೇ ಆಗಿತ್ತು. ಡೆಲಿಯಾ ಆ ಮನೆಯ ಅಡುಗೆಯವಳು. ಓನಿ ಅಲ್ಲಿ ಆಶ್ರಯ ಪಡೆದವನು. ಗಂಡಾಳಿನ ಮೈ, ಆರು ವರ್ಷದ ಮಗುವಿನ ಮನಸ್ಸು.

ಕಳೆದ ಜನವರಿಯಲ್ಲಿ ಓನಿ ಹಾಲಿನ ಕ್ಯಾನು ಚೆಲ್ಲಿದನೆಂದು ಸ್ಟಾಡರ್ಡ್ ಅವನನ್ನು ಆ ಕೊಟ್ಟಿಗೆಗೆ ಹಾಕಿ ಬೀಗ ಜಡಿದಿದ್ದ. ಮಾರನೆಯ ದಿನ ತೆಗೆದಾಗ ಓನಿಯ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಡಾಕ್ಟರು ಅವನ್ನು ಕತ್ತರಿಸಿ ತೆಗೆದರು. ‘ಪಾಪ, ಬೂಟು ಹಾಕ್ಕೊಳ್ಳೋದು ಮರೆತಿದ್ದ’ ಎಂದು ಸ್ಟಾಡರ್ಡ್ ಎಲ್ಲರಿಗೂ ಹೇಳಿದ. ಅವನು ಎಂದೂ ದನಿ ಎತ್ತುವವನಲ್ಲ. ಮಾತಿಗೊಮ್ಮೆ ತಾಯಿ, ಅಪ್ಪ ಎನ್ನುತ್ತಾನೆ. ಕಿರುಚಾಡುವವನಾಗಿದ್ದರೆ ಡೆಲಿಯಾಗೆ ಅವನನ್ನು ಕಂಡು ಇಷ್ಟು ಭಯವಾಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಓನಿ ಒಂದು ಬಟ್ಟಲು ಒಡೆದಿದ್ದ. ಸ್ಟಾಡರ್ಡ್ ಅವನ ತೋಳು ಹಿಡಿದು ಕೊಟ್ಟಿಗೆಗೆ ನಡೆಸಿಕೊಂಡು ಹೋದ. ಬಾಗಿಲು ಮುಚ್ಚಿ ಬಂದು ಡೆಲಿಯಾಳ ಮಡಕೆಯ ಮುಚ್ಚಳ ಎತ್ತಿ ವಾಸನೆ ನೋಡಿದ.

“ಚೆನ್ನಾಗಿ ಬೆಂದಿದೆ, ತಾಯಿ. ಸಭೆ ಮುಗಿಸ್ಕೊಂಡು ಬಂದು ಅವನನ್ನ ಬಿಡೋಣ. ಸಭೆ ಹೇಗೆ ನಡೆಯುತ್ತೋ ನೋಡೋಣ.”

ಸಭೆ ಹೇಗೆ ನಡೆಯುತ್ತೋ. ಆ ಮಾತಿನ ತೂಕ ಅವಳಿಗೆ ಗೊತ್ತಿತ್ತು. ಹೊರಗೆ ನೆಲದ ನೀರು ಇನ್ನೂ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು.

ಅವಳು ಸುಮ್ಮನೆ ಕೂತವಳೇನಲ್ಲ. ಓನಿಯ ಬೆರಳು ಹೋದ ಮೇಲೆ ಮೊದಲು ಅಂಚೆ ಕಚೇರಿಗೆ ಹೋಗಿದ್ದಳು. ಟಾರ್ಬೆಲ್‌ನಲ್ಲಿ ವಾಷಿಂಗ್ಟನ್ನಿನ, ಅಂದರೆ ದೇಶದ ಸರ್ಕಾರದ, ಬಾವುಟ ಹಾರುವುದು ಅಲ್ಲೊಂದೇ ಕಡೆ. ಅಂಚೆ ಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು:

“ನೋಡಮ್ಮ, ನಾನು ವಾಷಿಂಗ್ಟನ್ನಿನ ಮನುಷ್ಯ ಹೌದು. ಆದ್ರೆ ನನ್ನ ಹತ್ರ ಇರೋದು ಸ್ಟಾಂಪು. ಸ್ಟಾಡರ್ಡ್ ಕದ್ದು ಬೇರೆಯವರ ಕಾಗದ ಒಡೆದ ಅಂದ್ರೆ ಹೇಳು, ಹಿಡಿಸ್ತೀನಿ. ಕೊಟ್ಟಿಗೆ ಬೀಗ ನನಗೆ ಸೇರಿದ್ದಲ್ಲ.”

ಆಮೇಲೆ ಹಲ್ಲು ಕೀಳಿಸಬೇಕೆಂದು ಸುಳ್ಳು ಹೇಳಿ, ಬಸ್ಸು ಹತ್ತಿ ವರ್ಮಾಂಟ್ ರಾಜ್ಯದ ರಾಜಧಾನಿ ಮಾಂಟ್‌ಪೀಲಿಯರ್‌ಗೆ ಹೋದಳು. ಅಲ್ಲಿ ಕಪ್ಪು ಕೋಟಿನ ಒಬ್ಬ ಯುವಕ ಅವಳ ಮಾತೆಲ್ಲ ಕೇಳಿದ. ಕುಡಿಯಲು ನೀರೂ ಕೊಟ್ಟ. ಕೊನೆಗೆ ‘ಬಡವರ ವಿಷಯ ಆಯಾ ಊರಿನದು, ಮಿಸ್ ಲವಾಲಿ. ಗವರ್ನರ್ ಕೂಡ ಕೈ ಹಾಕೋಕಾಗಲ್ಲ. ಕಾನೂನೇ ಹಾಗಿದೆ. ನಿಮ್ಮೂರಿನ ಸಭೇಲಿ ಎದ್ದು ಹೇಳಿ’ ಎಂದ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಿಟ್ಲರನ ಮೇಲೆ ಸೈನ್ಯ ಕಳಿಸಿದ ವಾಷಿಂಗ್ಟನ್ನಿಗೆ ಒಂದು ಸೌದೆ ಕೊಟ್ಟಿಗೆ ತೆಗೆಸುವ ಅಧಿಕಾರವಿಲ್ಲ. ಚಿನ್ನದ ಗುಮ್ಮಟ ಕಟ್ಟಿಕೊಂಡ ರಾಜ್ಯಕ್ಕೂ ಇಲ್ಲ. ಇರುವುದು ಟಾರ್ಬೆಲ್ ಎಂಬ ಊರಿಗೆ. ಆ ಊರು ವರ್ಷಕ್ಕೊಮ್ಮೆ ಕೈ ಎತ್ತುತ್ತದೆ, ಒಲೆಯ ಪಕ್ಕ ನಿಂತ ಮನುಷ್ಯ ಎಣಿಸಿಕೊಳ್ಳುತ್ತಾನೆ.

ಹಿಂದಿರುಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನು ಮರ್ಡೋ ಗಿಲ್ಲಿಸ್. ಸ್ಕಾಟ್ಲೆಂಡಿನಿಂದ ಬಂದ ಕಲ್ಲುಕುಟಿಗ, ಮುದುಕ, ಎದೆಯ ತುಂಬ ಗ್ರಾನೈಟಿನ ದೂಳು. ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದ. ಎರಡು ಮಾತಿಗೊಮ್ಮೆ ಕೆಮ್ಮುವವನ ಮುಂದೆ ಮನಸ್ಸು ಬಿಚ್ಚುವುದು ಸುಲಭ. ಡೆಲಿಯಾ ಎಲ್ಲವನ್ನೂ ಹೇಳಿಬಿಟ್ಟಳು.

“ಕೈ ಎತ್ತೋ ಬದಲು ಚೀಟಿ ಬರೆದು ಹಾಕಿ ಅಂತ ಕೇಳ್ಬಹುದು,” ಎಂದ ಮರ್ಡೋ. “ಕಾನೂನಿದೆ. ಏಳು ಜನ ಎದ್ದು ನಿಂತು ಕೇಳಿದ್ರೆ ಅಧ್ಯಕ್ಷ ಇಲ್ಲ ಅನ್ನೋ ಹಾಗಿಲ್ಲ.”

“ಎದ್ದು ನಿಂತು?”

“ಹೂಂ. ಗುಟ್ಟಾಗಿ ಮತ ಹಾಕೋಕೆ ಮೊದಲು ಏಳು ಜನ ಎಲ್ಲರೆದುರು ನಿಲ್ಬೇಕು. ತಮಾಷೆ ಅಲ್ವಾ?” ಎಂದು ಮುದುಕ ಕೆಮ್ಮುತ್ತ ನಕ್ಕ. “ಹೋದ ವರ್ಷ ಮೂರು ಜನ ನಿಂತ್ವಿ, ನೀನು ಆಗ ಊಟದ ಮಡಕೆ ತರೋಕೆ ಹೋಗಿದ್ದೆ ಅನ್ಸುತ್ತೆ. ಬಡಗಿ ಹೋಬಾರ್ಟ್ ನನ್ನ ಪಕ್ಕ ನಿಂತಿದ್ದ. ನವೆಂಬರ್‌ನಲ್ಲಿ ಸೂರಿಂದ ಬಿದ್ದು ಸೊಂಟ ಮುರ್ಕೊಂಡ. ಹೆಂಡ್ತಿ ಸೌದೆ ಕೇಳೋಕೆ ಹೋದ್ರೆ ಸ್ಟಾಡರ್ಡ್ ಏನಂದ ಗೊತ್ತಾ? ‘ಚೀಟಿ ಚೀಟಿ ಅಂತಿದ್ರಲ್ಲ, ಕಾಗದ ಚೆನ್ನಾಗಿ ಉರಿಯುತ್ತೆ ತಾಯಿ’ ಅಂದ. ಈ ಸಲ ನಾನೇ ಅವನ ಎದುರು ನಿಲ್ತೀನಿ. ನನ್ನ ಹತ್ರ ಅವನು ಕಿತ್ಕೊಳ್ಳೋದು ಇನ್ನೇನಿದೆ? ಉಸಿರು ಅವನಿಗಿಂತ ಮುಂಚೆ ಕಲ್ಲೇ ಕಿತ್ಕೊಂಡಿದೆ.”

“ನಾನಂತೂ ಪ್ರತಿವರ್ಷ ಕೈ ಎತ್ತಿ ‘ಹೌದು’ ಅಂತ ಕೂಗ್ತಿದ್ದೆ,” ಎಂದಳು ಡೆಲಿಯಾ ನಾಚಿಕೆಯಿಂದ.

“ಪ್ರಮಾಣ ಮಾಡಿದೀಯಾ?”

“ಎಂಥ ಪ್ರಮಾಣ?”

ಮರ್ಡೋ ಅವಳನ್ನೇ ನೋಡಿದ. ವರ್ಮಾಂಟಿನಲ್ಲಿ ಹುಟ್ಟಿ ಬೆಳೆದರೆ ಸಾಲದು, ಊರಿನ ಗುಮಾಸ್ತೆಯ ಎದುರು ಕೈ ಎತ್ತಿ ಮತದಾರನ ಪ್ರಮಾಣ ಮಾಡಬೇಕು. ಆಮೇಲೆಯೇ ಅವನು ಊರಿನ ಮತದಾರ. ಫ್ರೆಂಚ್ ಮಾತಾಡುವ ಕೆನಡಾದಿಂದ ಬಂದಿದ್ದ ಅವಳ ಅಪ್ಪನಿಗೆ ಇದು ಗೊತ್ತಿರಲಿಲ್ಲ, ಮಗಳಿಗೂ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಅವಳು ಗಂಟಲು ಹರಿಯುವಂತೆ ಕೂಗಿದ ‘ಹೌದು’ಗಳೆಲ್ಲ ಗಾಳಿಗೆ ಹೋಗಿದ್ದವು. ಆ ‘ಹೌದು’ಗಳಲ್ಲಿ ಬಹಳಷ್ಟು ಸ್ಟಾಡರ್ಡನಿಗಾಗಿಯೇ ಕೂಗಿದಂಥವು. ಆದ್ದರಿಂದ ನಷ್ಟವೇನೂ ಆಗಿರಲಿಲ್ಲ ಎನ್ನಿ.

ಮುಂದಿನ ಭಾನುವಾರ ಮಧ್ಯಾಹ್ನ ಅವಳು ಊರಿನ ಗುಮಾಸ್ತೆ ಮಿಸ್ ಯೂನಿಸ್ ಟಟಲ್‌ಳ ಮನೆಯ ಬಾಗಿಲು ತಟ್ಟಿದಳು. ಯೂನಿಸಳ ಮುಂದಿನ ಕೋಣೆಯೇ ಊರಿನ ಕಚೇರಿ. ಯೂನಿಸ್ ಬೀದಿಯನ್ನೊಮ್ಮೆ ನೋಡಿ ಪರದೆ ಎಳೆದಳು. ಅವಳು ಚರ್ಚಿನಲ್ಲಿ ಸ್ಟಾಡರ್ಡನ ಹೆಂಡತಿಯ ಪಕ್ಕದಲ್ಲಿ ಕುಳಿತು ಹಾಡುವವಳು.

“ಮೆಲ್ಲಗೆ ಹೇಳು,” ಎಂದಳು. “ಕಿಟಕಿ ಗಾಜು ತೆಳು.”

ಡೆಲಿಯಾ ಬಲಗೈ ಎತ್ತಿ, ಯೂನಿಸ್ ಹೇಳಿಕೊಟ್ಟಂತೆ ಪಿಸುಗುಟ್ಟಿದಳು. ನನ್ನ ಆತ್ಮಸಾಕ್ಷಿ ಹೇಳಿದಂತೆ ಮತ ಕೊಡುತ್ತೇನೆ, ಯಾರ ಭಯಕ್ಕೂ ಬೀಳದೆ, ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ. ಭಯ ಎನ್ನುವ ಮಾತಿಗೆ ಬಂದಾಗ ಹೊರಗೆ ಯಾವುದೋ ಗಾಡಿ ನಿಂತ ಸದ್ದಾಗಿ ಇಬ್ಬರೂ ಉಸಿರು ಬಿಗಿಹಿಡಿದರು. ಗಾಡಿ ಮುಂದೆ ಹೋಯಿತು. ದೇವರ ಎದುರು ಆಡಿದ ಮೊದಲ ಸುಳ್ಳು ಇದೇ ಎಂದುಕೊಂಡಳು ಡೆಲಿಯಾ.

“ಇದು ನಮ್ಮಿಬ್ಬರಲ್ಲೇ ಇರಲಿ,” ಎಂದು ಯೂನಿಸ್ ಹಿಂಬಾಗಿಲಿನಿಂದ ಅವಳನ್ನು ಕಳಿಸಿದಳು.

ಸಭಾಭವನದಲ್ಲಿ ಈಗ ಸೇತುವೆಯ ಹಲಗೆ, ಶಾಲೆಯ ಕಲ್ಲಿದ್ದಲು, ಎಲ್ಲ ಮುಗಿದಿತ್ತು. ಅಧ್ಯಕ್ಷ ಏಸಾ ಪೀಬಡಿ ಗಂಟಲು ಸರಿಮಾಡಿಕೊಂಡ.

“ಇನ್ನು ಬಡವರ ಮೇಲ್ವಿಚಾರಕರ ಆಯ್ಕೆ. ಎರಡು ಹೆಸರು ಬಂದಿದೆ. ಹಾರ್ಲನ್ ಸ್ಟಾಡರ್ಡ್, ಮರ್ಡೋ ಗಿಲ್ಲಿಸ್. ಎಂದಿನ ಹಾಗೆ ಕೈ ಎತ್ತಿ ಹೇಳೋಣ.”

“ಅಧ್ಯಕ್ಷರೇ,” ಎಂದು ಮರ್ಡೋ ಬೆಂಚು ಹಿಡಿದುಕೊಂಡು ಎದ್ದ. “ಚೀಟೀಲಿ ಆಗ್ಲಿ ಅಂತ ಕೇಳ್ತೀನಿ.”

“ಏಳು ಜನ ಬೇಕು, ಮರ್ಡೋ.”

“ಗೊತ್ತು. ಒಬ್ಬ ನಿಂತಿದ್ದಾನೆ. ಎಣಿಸ್ತಾ ಹೋಗಿ.”

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಒಲೆಯ ಪಕ್ಕ ಸ್ಟಾಡರ್ಡ್ ಒಂದು ಕಟ್ಟಿಗೆ ತುಂಡನ್ನು ಒಳಗೆ ತಳ್ಳಿ, ಕೈಯ ದೂಳು ಒರೆಸಿಕೊಂಡು, ಸಭೆಯ ಕಡೆ ತಿರುಗಿದ. ಸಾಲು ಸಾಲಾಗಿ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡತೊಡಗಿದ. ಅವನ ನೋಟ ಬಂದ ಸಾಲಿನಲ್ಲಿ ತಲೆಗಳು ತಗ್ಗುತ್ತಿದ್ದವು.

ಬಡಗಿ ಹೋಬಾರ್ಟ್ ಊರುಗೋಲಿನ ಮೇಲೆ ಎದ್ದ. ಅವನ ಹೆಂಡತಿ ಅವನ ಕೋಟು ಹಿಡಿದು ಎಳೆದಳು, ಆಮೇಲೆ ಕೋಟು ಬಿಟ್ಟು ತಾನೂ ಎದ್ದಳು. ಹೊಸದಾಗಿ ಬಂದಿದ್ದ ಶಾಲೆಯ ಮೇಷ್ಟ್ರು ಎದ್ದ. ಅವನಿಗೆ ಈ ಊರಿನ ಭಯ ಇನ್ನೂ ಪೂರ್ತಿ ಗೊತ್ತಿರಲಿಲ್ಲ. ಕಲ್ಲು ಕೆತ್ತುವ ಶೆಡ್ಡಿನ ಇಬ್ಬರು ಇಟಾಲಿಯನ್ನರು ಒಬ್ಬರನ್ನೊಬ್ಬರು ನೋಡಿಕೊಂಡು ಒಟ್ಟಿಗೇ ಎದ್ದರು.

“ಆರು,” ಎಂದ ಏಸಾ.

ಆಮೇಲೆ ಯಾರೂ ಏಳಲಿಲ್ಲ.

ಡೆಲಿಯಾ ಸಾಲುಗಳ ಮೇಲೆ ಕಣ್ಣಾಡಿಸಿದಳು. ಇಲ್ಲಿ ಇಷ್ಟು ಜನರಿದ್ದಾರೆ, ನಾನೇ ಯಾಕೆ ಏಳಬೇಕು? ಅಂಗಡಿಯ ಲೂಯೆಲ್ಲಾ ಪೀಸ್ಲಿ ಇದ್ದಾಳೆ, ಇಡೀ ಊರಿಗೆ ಸಾಲ ಕೊಟ್ಟವಳು, ಅವಳು ಏಳಬಾರದೇ? ಆದರೆ ಲೂಯೆಲ್ಲಾ ತನ್ನ ಕೈಗವಸಿನ ಹೊಲಿಗೆ ನೋಡುತ್ತ ಕುಳಿತಿದ್ದಳು. ಅವಳ ಅಂಗಡಿಗೆ ಡೆಲಿಯಾ ಕಾಲಿಟ್ಟರೆ ಸಾಕು, ಅಲ್ಲಿದ್ದವರ ಮಾತು ನಿಂತುಹೋಗುತ್ತಿತ್ತು. ಫ್ರೆಂಚರವಳು, ಬಡವರ ಮನೆಯ ಅಡುಗೆಯವಳು ಎಂಬ ತಾತ್ಸಾರ ಎಂದು ಡೆಲಿಯಾ ಅದನ್ನು ಬಹಳ ಕಾಲದಿಂದ ನುಂಗಿಕೊಂಡು ಬಂದಿದ್ದಳು. ಇಂಥವರನ್ನು ನಂಬಿ ಎದ್ದು ನಿಲ್ಲುವುದೇ? ಎದ್ದು, ಚೀಟಿ ಹಾಕಿದ ಮೇಲೂ ಸ್ಟಾಡರ್ಡ್ ಗೆದ್ದರೆ? ಇವತ್ತು ಸಂಜೆ ಆ ಕೀಲಿ ಇದೇ ಸೊಂಟದಲ್ಲಿರುತ್ತದೆ. ನಾಳೆ ಓನಿ ಹುಚ್ಚಾಸ್ಪತ್ರೆಯ ಗಾಡಿಯಲ್ಲಿರುತ್ತಾನೆ. ಅಲ್ಲಿಗೆ ಹೋದವರು ಮರಳಿ ಬಂದದ್ದನ್ನು ಅವಳು ಕಂಡಿರಲಿಲ್ಲ.

ಏಳದಿದ್ದರೆ? ಓನಿ ಸಂಜೆಗೆ ಹೊರಗೆ ಬರುತ್ತಾನೆ. ಇನ್ನೊಂದು ಬಟ್ಟಲು ಒಡೆಯುತ್ತಾನೆ. ಇನ್ನೊಂದು ಜನವರಿ ಬರುತ್ತದೆ.

“ಇನ್ಯಾರೂ ಇಲ್ಲ ಅಂದ್ರೆ...” ಎಂದು ಏಸಾ ಮರದ ಸುತ್ತಿಗೆ ಎತ್ತಿದ.

ಅವಳು ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಬೆಂಚು ಕಿರ್ರೆಂದಾಗ ತಾನು ನಿಂತಿದ್ದೇನೆಂದು ಗೊತ್ತಾಯಿತು. ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಲೂಯೆಲ್ಲಾ ಪೀಸ್ಲಿಯ ಬಾಯಿ ತೆರೆದುಕೊಂಡಿತು.

“ಡೆಲಿಯಾ,” ಎಂದ ಸ್ಟಾಡರ್ಡ್, ಮೃದುವಾಗಿ. “ಕೂತ್ಕೋ ತಾಯಿ. ಬೆಳಿಗ್ಗೆಯಿಂದ ದುಡಿದಿದೀಯ, ಕಾಲು ನೋಯುತ್ತೆ. ಮನೇಲಿ ಓನಿ ಕಾಯ್ತಿರ್ತಾನೆ.”

ಅವನ ಕೈ ಬೆಲ್ಟಿನ ಕೀಲಿಗೊಂಚಲಿನ ಮೇಲೆ ಬಂತು. ಬೇರೆ ಯಾರಿಗೂ ಅದು ಏನೂ ಅಲ್ಲ. ಡೆಲಿಯಾ ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೂರಲಿಲ್ಲ.

“ಏಳು,” ಎಂದ ಏಸಾ.

“ಒಂದು ನಿಮಿಷ, ಏಸಾ,” ಎಂದ ಸ್ಟಾಡರ್ಡ್. “ಇವಳನ್ನ ಬಯ್ಯೋಕಲ್ಲ, ಪಾಪ. ಆದ್ರೆ ನಿಲ್ಲೋಳು ಮತದಾರಳಾಗಿರ್ಬೇಕಲ್ವಾ? ಇವರಪ್ಪನ ಕಾಲದಿಂದ ಇವರ ಮನೇಲಿ ಯಾರೂ ಪ್ರಮಾಣ ಮಾಡಿದ್ದು ನಾನು ಕಾಣೆ. ಯೂನಿಸ್, ನೀನೇ ಹೇಳಮ್ಮ.”

ಯೂನಿಸ್ ಟಟಲ್ ಅಧ್ಯಕ್ಷರ ಪಕ್ಕದ ಮೇಜಿನಲ್ಲಿ ಪೆನ್ನು ಹಿಡಿದು ಕುಳಿತಿದ್ದಳು. ಅವಳ ಕುತ್ತಿಗೆ ಕೆಂಪೇರಿತು. ಅವಳು ಮೊದಲು ಸ್ಟಾಡರ್ಡನನ್ನು ನೋಡಿದಳು, ಆಮೇಲೆ ಅವನ ಹೆಂಡತಿಯನ್ನು. ಡೆಲಿಯಾಗೆ ಪರದೆ ಎಳೆದ ಆ ಕೋಣೆ ನೆನಪಾಯಿತು. ನಮ್ಮಿಬ್ಬರಲ್ಲೇ ಇರಲಿ. ಅಲ್ಲಿ ಬೇರೆ ಸಾಕ್ಷಿ ಇರಲಿಲ್ಲ. ಇಲ್ಲ ಎಂದು ಒಂದು ಮಾತು ಹೇಳಿದರೆ ಎಲ್ಲ ಮುಗಿಯಿತು.

“ಮಾಡಿದ್ದಾಳೆ,” ಎಂದಳು ಯೂನಿಸ್. ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಹೇಳಿದಳು. “ಮಾಡಿದ್ದಾಳೆ. ನಮ್ಮನೇಲಿ, ನನ್ನೆದುರಿಗೆ. ಅವಳ ಕೈ ನಡುಗ್ತಿತ್ತು. ನಂದೂ ನಡುಗ್ತಿತ್ತು.”

ಏಸಾ ಸುತ್ತಿಗೆಯಿಂದ ಮೇಜು ಕುಟ್ಟಿದ.

“ಚೀಟಿ ಹಂಚಿ.”

ಬಿಳಿ ಕಾಗದದ ತುಂಡುಗಳು ಸಾಲುಗಳಲ್ಲಿ ಹರಿದಾಡಿದವು. ಜನ ಮೊಣಕಾಲಿನ ಮೇಲೆ ಇಟ್ಟುಕೊಂಡು, ಅಂಗೈ ಮರೆಮಾಡಿ, ಪರೀಕ್ಷೆಗೆ ಕುಳಿತ ಮಕ್ಕಳಂತೆ ಬರೆದರು. ಒಬ್ಬೊಬ್ಬರಾಗಿ ಎದ್ದುಹೋಗಿ ಮರದ ಪೆಟ್ಟಿಗೆಗೆ ಹಾಕಿದರು. ಒಲೆಯನ್ನು ದಾಟಿಯೇ ಹೋಗಬೇಕಿತ್ತು. ಸ್ಟಾಡರ್ಡ್ ಪ್ರತಿಯೊಬ್ಬರಿಗೂ ತಲೆಯಾಡಿಸಿ ಅವರ ಹೆಸರು ಹಿಡಿದು ಮಾತಾಡಿಸಿದ. ಡೆಲಿಯಾ ಹೋದಾಗ ಮಾತ್ರ ಅವಳನ್ನು ನೋಡಲೇ ಇಲ್ಲ. ಅವಳು ಮತ್ತೆ ಬಂದು ಕುಳಿತು, ಮಡಕೆಯ ಕಾವಿಗೆ ಕೈ ಒಡ್ಡಿದಳು.

ಚೀಟಿ ಎಣಿಸುವಾಗ ಯಾರೂ ಊಟದ ಮೇಜಿನ ಹತ್ತಿರ ಬರಲಿಲ್ಲ. ಏಸಾ ಮತ್ತು ಯೂನಿಸ್ ಎರಡು ಕಟ್ಟು ಮಾಡುತ್ತಿದ್ದರು. ಒಂದು ಕಟ್ಟು ಬೆಳೆಯಿತು. ಇನ್ನೊಂದು ಬೆಳೆಯುವುದು ನಿಂತಿತು. ಯಾವುದು ಯಾರದೆಂದು ದೂರದಿಂದ ತಿಳಿಯುತ್ತಿರಲಿಲ್ಲ. ಯೂನಿಸ್ ಒಮ್ಮೆ ತಲೆ ಎತ್ತಿ ನೋಡಿದಳು. ಅವಳ ಮುಖ ಕಂಡು ಡೆಲಿಯಾಗೆ ಸೋತೆವೆನಿಸಿತು. ಓನಿಯ ಬಟ್ಟೆ ಗಂಟು ಕಟ್ಟಬೇಕು, ಉಣ್ಣೆಯ ಕಾಲುಚೀಲ ಎರಡು ಜೊತೆ ಇಡಬೇಕು ಎಂದು ಲೆಕ್ಕ ಹಾಕತೊಡಗಿದಳು.

ಏಸಾ ಎದ್ದು ನಿಂತು ಓದಿದ. ಮರ್ಡೋ ಗಿಲ್ಲಿಸನಿಗೆ ಬಿದ್ದ ಮತ ಸ್ಟಾಡರ್ಡನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು.

ಚಪ್ಪಾಳೆ ಬೀಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ. ಡೆಲಿಯಾಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಇಷ್ಟು ಜನರಿದ್ದರೇ? ಇಷ್ಟೂ ಜನ ಬಾಯಿ ಮುಚ್ಚಿಕೊಂಡು ಕುಳಿತು ಓನಿಯ ಬೆರಳು ಕೊಳೆಯುವುದನ್ನು ನೋಡಿದರೇ?

“ಕೀಲಿ, ಹಾರ್ಲನ್,” ಎಂದ ಏಸಾ.

“ಸಂಜೆ ಕೊಟ್ರಾಯ್ತಪ್ಪ.”

“ಈಗ್ಲೇ ಕೊಡಿ,” ಎಂದದ್ದು ಡೆಲಿಯಾ. ದನಿ ಅವಳದೇ, ಆದರೆ ಅವಳಿಗೇ ಗುರುತು ಸಿಗಲಿಲ್ಲ. “ನನ್ನ ತಮ್ಮ ಕೊಟ್ಟಿಗೇಲಿದ್ದಾನೆ. ಬೆಳಿಗ್ಗೆಯಿಂದ.”

ಹೋಬಾರ್ಟ್ ಊರುಗೋಲು ಕುಟ್ಟುತ್ತ ಬಂದು ಬಾಗಿಲಿಗೆ ಅಡ್ಡ ನಿಂತ. ಸ್ಟಾಡರ್ಡ್ ನಕ್ಕು, ಗೊಂಚಲು ಬಿಚ್ಚಿ ಮೇಜಿನ ಮೇಲೆ ಇಟ್ಟ.

“ಒಂದೇ ವರ್ಷ, ಅಲ್ವೇ?” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋದ.

ಮರ್ಡೋ ಗೊಂಚಲನ್ನು ಡೆಲಿಯಾಳ ಕೈಗೆ ಹಾಕಿದ. “ಓಡು. ನಾನು ಹಿಂದೆ ಬರ್ತೀನಿ. ಗುಡ್ಡ ಹತ್ತೋಕೆ ನನಗೆ ಹೊತ್ತಾಗುತ್ತೆ.”

ಬಾಗಿಲ ಬಳಿ ಲೂಯೆಲ್ಲಾ ಪೀಸ್ಲಿ ಅವಳ ತೋಳು ಹಿಡಿದಳು.

“ನನ್ನ ಟ್ರಕ್ಕಲ್ಲಿ ಬಿಡ್ತೀನಿ, ಬಾ,” ಎಂದಳು. ಗಾಡಿ ಹೊರಟ ಮೇಲೆ, ಕೆಸರಿನ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: “ನಿನಗೆ ಸಿಟ್ಟು ಬರುತ್ತೆ. ಬರ್ಲಿ. ನೀನು ಅವನ ಕಿವಿ ಅಂದ್ಕೊಂಡಿದ್ವಿ ಕಣೆ. ಅವನ ಅಡುಗೆ ಮನೆಯೋಳು, ಅಂಗಡೀಲಿ ಆಡಿದ್ದೆಲ್ಲ ಹೋಗಿ ಅವನಿಗೆ ಹೇಳ್ತೀಯ ಅಂತ. ನೀನು ಒಳಗೆ ಬಂದ್ರೆ ನನಗೆ ಬಾಯಿ ಒಣಗ್ತಿತ್ತು.”

ಡೆಲಿಯಾ ಅವಳ ಕಡೆ ತಿರುಗಿ ನೋಡಿದಳು. ತನ್ನನ್ನು ಕಂಡು ಹೆದರುವವರೂ ಈ ಲೋಕದಲ್ಲಿದ್ದರೇ? ಅವಳು ಗೊಂಚಲಿನಲ್ಲಿ ಕೊಟ್ಟಿಗೆಯ ಕೀಲಿ ಯಾವುದೆಂದು ಹುಡುಕತೊಡಗಿದಳು.

ಬೀಗ ಹಿಮ ಹಿಡಿದು ಗಟ್ಟಿಯಾಗಿತ್ತು. ಲೂಯೆಲ್ಲಾ ಅದರ ಮೇಲೆ ಬಾಯಿಯಿಂದ ಬಿಸಿ ಊದಿದ ಮೇಲೆ ಕೀಲಿ ತಿರುಗಿತು. ಓನಿ ಸೌದೆ ರಾಶಿಯ ಹಿಂದೆ, ಗೋಣಿ ಹೊದ್ದು, ಕಾಲುಗಳನ್ನು ಹೊಟ್ಟೆಯೊಳಗೆ ಮಡಿಸಿಕೊಂಡು ಕುಳಿತಿದ್ದ. ತುಟಿ ನೀಲಿಯಾಗಿತ್ತು. ಡೆಲಿಯಾ ಮಂಡಿಯೂರಿ ಅವನ ಬೂಟು ಕಿತ್ತು, ಉಳಿದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಒತ್ತಿದಲ್ಲಿ ಕೆಂಪು ಮರಳಿತು. ಅವಳಿಗೆ ಆಗ ಅಳು ಬಂತು.

“ಬಾ ಓನಿ, ಹೊರಗೆ ಬಾ.”

ಅವನು ಅಲುಗಲಿಲ್ಲ. “ಸ್ಟಾಡರ್ಡ್ ಹೇಳಿದ್ರಾ, ಅಕ್ಕ?”

“ಇಲ್ಲ. ಊರು ಹೇಳ್ತು.”

“ಊರು ಅಂದ್ರೆ ಯಾರು?”

ಡೆಲಿಯಾ ಕಣ್ಣು ಒರೆಸಿಕೊಂಡಳು. ವಾಷಿಂಗ್ಟನ್ ಅಲ್ಲ, ಮಾಂಟ್‌ಪೀಲಿಯರ್ ಅಲ್ಲ ಎಂದು ಅವನಿಗೆ ಹೇಳಿ ಏನು ಪ್ರಯೋಜನ?

“ಮರ್ಡೋ,” ಎಂದಳು. “ಹೋಬಾರ್ಟ್, ಅವನ ಹೆಂಡ್ತಿ. ಯೂನಿಸ್. ಇಲ್ಲಿ ನಿಂತಿದ್ದಾಳಲ್ಲ, ಲೂಯೆಲ್ಲಾ. ನಾನು.”

“ನೀನೂನಾ?”

“ನಾನೂ.”

ಓನಿ ಗೋಣಿ ಹೊದ್ದುಕೊಂಡೇ ಎದ್ದು ಹೊಸ್ತಿಲವರೆಗೆ ಬಂದ. ಹೊರಗೆ ಕಾಲಿಡುವ ಮುಂಚೆ ರಸ್ತೆಯ ಆ ಕಡೆ, ಈ ಕಡೆ ನೋಡಿದ.

“ನಾಳೆ ಬಟ್ಟಲು ಒಡೆದ್ರೆ?”

“ಒಡೀಲಿ.”

“ಇನ್ನು ಯಾವಾಗ್ಲೂ ಹೀಗೇನಾ?”

ಅವಳು ಸುಳ್ಳು ಹೇಳಬಹುದಿತ್ತು. ಆದರೆ ಸ್ಟಾಡರ್ಡನ ಒಂದೇ ವರ್ಷ ಎಂಬ ಮಾತು ಇನ್ನೂ ಕಿವಿಯಲ್ಲಿತ್ತು, ಮರ್ಡೋನ ಕೆಮ್ಮು ಗುಡ್ಡದ ಕೆಳಗಿನಿಂದ ಕೇಳುತ್ತಿತ್ತು.

“ಇಲ್ಲ. ಮುಂದಿನ ಮಾರ್ಚಿಗೆ ಮತ್ತೆ ಕೇಳ್ತಾರೆ.”

“ಆಗ ನೀನು ಮತ್ತೆ ಹೇಳ್ಬೇಕಾ?”

“ಹೂಂ. ಮತ್ತೆ ಎದ್ದು ನಿಲ್ಬೇಕು.”

ಓನಿ ಅವಳ ಕೈ ಹಿಡಿದುಕೊಂಡ. ಹಿಡಿದು, ಮುಖ ನೋಡಿದ.

“ನಡುಗ್ತಾ ಇದೀಯಲ್ಲ ಅಕ್ಕ. ನಿಲ್ಲೋಕಾಗುತ್ತಾ?”

“ಇವತ್ತೂ ನಡುಗ್ಕೊಂಡೇ ನಿಂತೆ,” ಎಂದು ಡೆಲಿಯಾ ಅವನನ್ನು ಹೊಸ್ತಿಲು ದಾಟಿಸಿದಳು.